ರೋಬೋ ಬೊಂಬೆಯ ಹೆಣ ಎತ್ತಿದ ಕಥೆ

ಗೆಳೆಯರೇ, ಇವತ್ತು ಮಧ್ಯಾಹ್ನ ಅಕ್ಕನ ಜೊತೆ ಬಂಗಾರಪೇಟೆಯಲ್ಲಿ ಸಿನಿಮಾ ನೋಡಿದೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಆಡಿದ ರೋಬೋ ಬೊಂಬೆಯೇ ಅದರ ಹೀರೋ. ಕೊನೆಯಲ್ಲಿ ಅದು ಸಾಯುತ್ತದೆ. ಉಳಿದ ಬೊಂಬೆಗಳು ಹೆಣದ ಮುಂದೆಯೇ ಜೋಕು ಹೊಡೆಯುತ್ತವೆ. ಟಾಕೀಸೆಲ್ಲ ನಗು, ಅಕ್ಕನದೂ ಸೇರಿ. ನನಗೆ ಮೈ ಉರಿಯಿತು.

ವಾಪಸ್ ಊರಿಗೆ ಬರಲು ಮಾರಿಕುಪ್ಪಂ ರೈಲು ಹತ್ತಿದವನೇ, "ನಮ್ ಬಾಲ್ಯಾನೇ ಗೇಲಿ ಮಾಡವ್ರೆ ಕಣಕ್ಕ," ಎಂದೆ.

"ಸುಮ್ಕಿರಲಾ. ನಮ್ ರೋಬೋದು ಕೈ ಮುರ್ದೋದಾಗ ನೀನೇನ್ ಮಾಡ್ದೆ? ಸತ್ತೋಯ್ತು ಅಂತ ಬೇವಿನ ಮರದ ಕೆಳಗೆ ಗುಂಡಿ ತೋಡ್ದೆ. ನಾನು ಡಬ್ಬ ಬಡಿದ್ರೆ ನೀನು ಮುಂದೆ ಮುಂದೆ ಕುಣ್ಕೊಂಡೋದೆ. ಮಣ್ಣಾಕೋವಾಗ ಗೊಳೋ ಅಂತ ಅತ್ತೆ. ನಮ್ಮೂರಾಗೆ ಎಣ ಎತ್ತೋದೇ ಅಂಗಲ್ವಾ? ಕುಣೀತಾರೆ, ಅಳ್ತಾರೆ."

ರೈಲಿಗೆ ಕಾಯುವಾಗ ಬೈದು ಬರೆದಿಟ್ಟಿದ್ದ ವಿಮರ್ಶೆಯನ್ನು ಫೋನಿನಿಂದ ಅಳಿಸಿದೆ. ನನ್ನ ಬಾಲ್ಯವನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡ ಅಕ್ಕನಿಗೆ ಋಣಿ. ಸಿನಿಮಾ ಚೆನ್ನಾಗಿದೆ, ನೋಡಿ.

ಅಂದು ನಮಗೆ ತಮಟೆಯಾಗಿದ್ದು ಅಮ್ಮನ ರಾಗಿಹಿಟ್ಟಿನ ಡಬ್ಬ. ಅದು ನೆಗ್ಗಿದ್ದಕ್ಕೆ ಬಿದ್ದ ಏಟುಗಳಲ್ಲಿ ಮಾತ್ರ ತಮಾಷೆ ಒಂದು ಚೂರೂ ಬೆರೆತಿರಲಿಲ್ಲ.