ಎರಡನೇ ದಿನದ ಕ್ಯಾಸೆಟ್

ನನ್ನ ವಾರಗಿತ್ತಿಯನ್ನು ಬೀದಿಯವರೆಲ್ಲ ಕತ್ತರಿ ಅಕ್ಕ ಎನ್ನುತ್ತಿದ್ದರು. ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜನರ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಅವಳ ಕೆಲಸ. ಕತ್ತರಿಗಿಂತ ನಾಲಿಗೆ ಹರಿತ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ಒಬ್ಬನೇ ಮಗ. ಎಲ್ಲಿ ನಿಂತರೂ ಎಲ್ಲರಿಗಿಂತ ಮೇಲೆ ಅವನ ತಲೆ ಕಾಣುತ್ತಿತ್ತು, ಹಾಗಾಗಿ ಅವನು ಉದ್ದಣ್ಣ. ಅವನಿಗೆ ಒಂದು ರಾಕ್ ಬ್ಯಾಂಡಿನ ಹುಚ್ಚು. ಆ ಬ್ಯಾಂಡು ನಮ್ಮೂರ ಕ್ರೀಡಾಂಗಣದಲ್ಲಿ ಎರಡು ದಿನ ಹಾಡಿತು. ಉದ್ದಣ್ಣ ಮೊದಲ ದಿನ ಹೋದವನು ತಿರುಗಿ ಬರಲಿಲ್ಲ. ಬೆಳಿಗ್ಗೆ ಹೊಳೆಯ ಸೇತುವೆಯ ಬುಡದಲ್ಲಿ ಅವನ ಸೈಕಲ್ಲು ಸಿಕ್ಕಿತು, ಅವನು ಸಿಗಲಿಲ್ಲ. ಹೊಳೆ ತುಂಬಿ ಹರಿಯುತ್ತಿದೆ, ಆಸೆ ಬಿಡಿ ಎಂದರು ಪೊಲೀಸರು. ಅವನ ಅಪ್ಪ, ಅಂದರೆ ನಮ್ಮ ಭಾವ, ಆಸೆ ಬಿಟ್ಟರು.

ವರ್ಷ ಕಳೆದ ಮೇಲೆ ಆ ಕಾರ್ಯಕ್ರಮದ ವಿಡಿಯೊ ಕ್ಯಾಸೆಟ್ ಬಂತು. ಡಬ್ಬಿಯ ಮೇಲೆ ಎರಡನೇ ದಿನದ ತಾರೀಕು. ನೋಡಿದರೆ ಜನರ ನಡುವೆ ಉದ್ದಣ್ಣ, ಕೈ ಎತ್ತಿಕೊಂಡು, ಬಾಯಿ ತೆರೆದುಕೊಂಡು. ಎರಡನೇ ದಿನ ಹಾಡು ಕೇಳುತ್ತ ನಿಂತವನು ಹಿಂದಿನ ದಿನ ಹೊಳೆ ಪಾಲಾಗುವುದು ಹೇಗೆ? ಸೈಕಲ್ಲು ಬಿಸಾಕಿ ಎಲ್ಲಿಗೋ ಹೋಗಿದ್ದಾನೆ, ಹುಚ್ಚು ಇಳಿದ ಮೇಲೆ ಬರುತ್ತಾನೆ ಎಂದಳು ಅಕ್ಕ.

ಭಾವನಿಗೆ ನಂಬಿಕೆ ಬರಲಿಲ್ಲ. ಅವರು ಅತ್ತರೆ, ಬದುಕಿರುವ ಮಗನಿಗೆ ಅಳುತ್ತೀರಲ್ಲ ಎಂದು ಅಕ್ಕ ಉರಿದು ಬೀಳುತ್ತಿದ್ದಳು. ಪಾಪ, ಅವರು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದರು. ಹಾಗೇ ಕೊರಗಿ ತೀರಿಕೊಂಡರು.

ಅಕ್ಕನಿಗೆ ಕಾಯುವುದೇ ಬದುಕಾಯಿತು. ಮಗನ ಪ್ಯಾಂಟುಗಳ ಸೊಂಟ ಬಿಚ್ಚಿ ಆಗಾಗ ಸಡಿಲ ಮಾಡಿ ಹೊಲಿಯುತ್ತಿದ್ದಳು. "ಈ ವಯಸ್ಸಿಗೆ ಹೊಟ್ಟೆ ಬಂದಿರತ್ತೆ ಕಣೇ, ಅವರಪ್ಪಂದೇ ಮೈ" ಎನ್ನುತ್ತಿದ್ದಳು. ಕ್ಯಾಸೆಟ್ಟನ್ನು ಅದೊಂದೇ ಜಾಗಕ್ಕೆ ಓಡಿಸಿ, ನಿಲ್ಲಿಸಿ ನೋಡುವಳು. ನಿಲ್ಲಿಸಿ ನಿಲ್ಲಿಸಿ ಟೇಪು ಅಲ್ಲೇ ಸವೆದು ಮಗನ ಮುಖದ ತುಂಬ ಬಿಳಿ ಗೆರೆ ಬಿದ್ದವು.

ಅದೇ ಚಿತ್ರವನ್ನು ಚೊಕ್ಕ ಮಾಡಿ ಡಿಸ್ಕಿಗೆ ಹಾಕಿದ್ದಾರೆಂದು ನನ್ನ ಮಗಳು ತಂದುಕೊಟ್ಟಳು. ಊಟ ಮುಗಿಸಿ ನಾನೂ ಅಕ್ಕನೂ ಕೂತೆವು. ಹೊಸ ಯಂತ್ರದಲ್ಲಿ ಆ ಜಾಗ ಹುಡುಕಲು ಬಾರದೆ ಮೊದಲಿನಿಂದ ನೋಡಬೇಕಾಯಿತು. ಹಾಡುಗಾರ ಹಲ್ಲುನೋವು ಬಂದವನ ಹಾಗೆ ಕಿರುಚುತ್ತಿದ್ದ. ಅಷ್ಟು ವರ್ಷದಲ್ಲಿ ಅಕ್ಕ ಅವನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಕುಣಿಯುವಾಗ ಅವನ ಅಂಗಿ ಭುಜದ ಹಿಂದೆ ಪರ್ರನೆ ಹರಿಯಿತು. ಮುಂದಿನ ಹಾಡಿಗೆ ಅಲ್ಲಿ ಹೊಲಿಗೆ ಬಿದ್ದಿತ್ತು. ಅಕ್ಕ ಕನ್ನಡಕ ಸರಿಮಾಡಿಕೊಂಡಳು.

ಆಮೇಲೆ ಉದ್ದಣ್ಣ ಬಂದ. ಒಂದು ಗೆರೆಯೂ ಇಲ್ಲದ ಮುಖ. ನಾನು ಗುಂಡಿ ಒತ್ತಿ ನಿಲ್ಲಿಸಿದೆ. ಅಕ್ಕ ಮಗನನ್ನು ನೋಡುತ್ತಿರಲಿಲ್ಲ. ಅವನೆದುರು ನಮಗೆ ಬೆನ್ನು ಮಾಡಿ ನಿಂತಿದ್ದ ಹಾಡುಗಾರನ ಭುಜ ನೋಡುತ್ತಿದ್ದಳು.

"ಎರಡೂ ದಿನದ್ದನ್ನ ಸೇರಿಸಿಬಿಟ್ಟಿದಾರೆ" ಎಂದಳು. "ಮೊದಲ್ನೇ ದಿನ ಹರೀತು, ಎರಡನೇ ದಿನಕ್ಕೆ ಕಪ್ಪು ದಾರದಲ್ಲಿ ಹೊಲಿದಿದಾರೆ. ಎರಡು ಹಾಡಿನ ಮಧ್ಯೆ ಹೊಲಿಯೋಕೆ ಪುರುಸೊತ್ತೆಲ್ಲಿ? ಇಲ್ಲಿ ಹೊಲಿಗೇನೇ ಇಲ್ಲ ನೋಡು. ಇನ್ನೂ ಹರಿದೇ ಇಲ್ಲ."

ಹಾಗಾದರೆ ನಮ್ಮ ಹುಡುಗ ಅಲ್ಲಿ ನಿಂತಿದ್ದು ಮೊದಲ ದಿನವೇ. ಒಂದೇ ಥರದ ಅಂಗಿ ಎರಡಿರಬಹುದಲ್ಲ ಅಕ್ಕ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ತೋಳಿನ ಗುಂಡಿ ಒಂದು ಬೇರೆ ಬಣ್ಣದ್ದು, ಎಲ್ಲ ಕಡೆಯೂ ಅದೇ ಇದೆ ಎಂದಳು.

ಆರಿಸಿಬಿಡಲೇ ಎಂದು ಕೇಳಿದೆ.

"ಬೇಡ, ಹಾಗೇ ನಿಲ್ಸಿರು. ಮುಂದಕ್ಕೆ ಬಿಟ್ಟರೆ ಹಾಡು ಮುಗಿಯತ್ತೆ, ಅವನು ಹೊರಗೆ ಹೋಗಿಬಿಡ್ತಾನೆ."

ನಿಲ್ಲಿಸಿಯೇ ಇಟ್ಟೆ. ಸ್ವಲ್ಪ ಹೊತ್ತಿಗೆ ಯಂತ್ರ ತಾನಾಗಿಯೇ ಆರಿಹೋಯಿತು. ಅಕ್ಕ ಅಳಲಿಲ್ಲ. ಅವಳ ಜೊತೆ ಕೂತು ಅಳಬೇಕಾಗಿದ್ದ ಮನುಷ್ಯ ತಮ್ಮ ಪಾಲಿನದನ್ನು ಬಚ್ಚಲಿನಲ್ಲಿ ಒಬ್ಬರೇ ಅತ್ತು ಮುಗಿಸಿ ಹೋಗಿದ್ದರು.