ಹನ್ನೆರಡನೆಯ ಜೇಡ

ಊರಿನ ಕಟ್ಟಡಗಳ ಮೇಲ್ವಿಚಾರಕರೆಲ್ಲ ಆ ಲಿಫ್ಟ್ ಪರೀಕ್ಷಕಿಗೆ ಇಟ್ಟಿರುವ ಹೆಸರು ‘ಮೂರು ಸಲದ ಮೇಡಂ’. ತಂತಿ ಹಗ್ಗವನ್ನು ಮೂರು ಸಲ ನೋಡುತ್ತಾಳೆ, ಬ್ರೇಕನ್ನು ಮೂರು ಸಲ ಹಿಡಿಸಿ ಬಿಡಿಸುತ್ತಾಳೆ, ಅಪಾಯದ ಗಂಟೆಯನ್ನು ಮೂರು ಸಲ ಒತ್ತಿ ಮಹಡಿ ಮಹಡಿಯವರನ್ನೂ ಬೆಚ್ಚಿಬೀಳಿಸುತ್ತಾಳೆ. “ಹೋದ ವರ್ಷ ನೀವೇ ನೋಡಿ ಸರಿಯಿದೆ ಅಂದ್ರಲ್ಲ ಮೇಡಂ?” ಎಂದು ಯಾರಾದರೂ ಗೊಣಗಿದರೆ, “ಅದು ಹೋದ ವರ್ಷದ ಲಿಫ್ಟು” ಎನ್ನುತ್ತಾಳೆ. ಬೈದುಕೊಳ್ಳುವವರು ಬೈದುಕೊಳ್ಳಲಿ, ಆಕೆ ಜಗ್ಗುವವಳಲ್ಲ. ಈ ಚಾಳಿ ಹತ್ತಿದ್ದು ಒಂಬತ್ತನೆಯ ವಯಸ್ಸಿನಲ್ಲಿ, ಒಂದು ಗಡಿಯಾರದಂಗಡಿಯ ಹಿತ್ತಲಲ್ಲಿ.

ಆ ವರ್ಷ ಅಮ್ಮ ಆಸ್ಪತ್ರೆ ಸೇರಿದ್ದಳು. ಅಪ್ಪ ಅವಳ ಹಾಸಿಗೆಯ ಪಕ್ಕ ಬಿಟ್ಟು ಅಲ್ಲಾಡುವಂತಿರಲಿಲ್ಲ. ಹುಡುಗಿಯನ್ನು ಯಾರು ಇಟ್ಟುಕೊಳ್ಳುವುದು ಎಂದಾಗ ನೆಂಟರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನನ್ನ ಹತ್ರ ಇರ್ಲಿ ಬಿಡ್ರಪ್ಪ” ಎಂದವನು ಅಜ್ಜನ ತಮ್ಮ ಒಬ್ಬನೇ. ಈ ಚಿಕ್ಕಜ್ಜ ಮನೆಯ ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಹಿತ್ತಲಿಗೆ ಹೋಗಿ ಇರುವೆ, ಜೇಡ, ಕಣಜಗಳ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಗಿರಾಕಿಗಳು ಪಾಪ, ಕಾಯುತ್ತಿದ್ದರು. ಕಾದ ತಪ್ಪಿಗೆ ಅವರಿಗೊಂದು ಕಥೆ ಸಿಗುತ್ತಿತ್ತು.

ನಾಲ್ಕು ಗಂಟೆಯ ಚಹಾಕ್ಕೆ ದಿನಕ್ಕೊಂದು ಕಥೆ, ಕಥೆಗೊಂದು ಸುಳ್ಳು. ಬೇಕೆಂದೇ ಸೇರಿಸಿದ ಆ ಸುಳ್ಳನ್ನು ಹುಡುಗಿ ಹಿಡಿಯಬೇಕು. ಯಾರನ್ನೂ ಕೇಳುವಂತಿಲ್ಲ, ಪುಸ್ತಕ ತೆರೆಯುವಂತಿಲ್ಲ, ಹೋಗಿ ಕಣ್ಣಾರೆ ನೋಡಬೇಕು. “ಒಂದು ಸಲ ನೋಡಿದ್ದು ನೋಡಿದ ಹಾಗಲ್ಲ ಕಣೇ. ಮೂರು ಸಲ ನೋಡು, ಆಮೇಲೆ ಬಾಯಿ ಬಿಡು” ಎನ್ನುತ್ತಿದ್ದ. ಮೊದಲ ತಿಂಗಳು ಅವಳು ಸೋತದ್ದೇ ಸೋತದ್ದು. ಎರಡನೆಯ ತಿಂಗಳಿಗೆ ಅವಳ ಹಟ ನೋಡಿ ಅವನೇ ‘ಮೊಂಡಿ’ ಎಂದು ಕರೆಯತೊಡಗಿದ.

ಅವನ ಕಥೆಗಳಲ್ಲಿ ಹೆಸರುವಾಸಿಯಾದದ್ದು ಕಣಜದ ಕಥೆ. ಕಣಜ ಗೋಡೆಯ ಮೇಲೆ ಮಣ್ಣಿನ ಪುಟ್ಟ ಕೋಣೆ ಕಟ್ಟುತ್ತದೆ, ಜೇಡಗಳನ್ನು ಕೊಂದು ತಂದು ಅದರಲ್ಲಿ ತುಂಬುತ್ತದೆ, ಹುಟ್ಟಲಿರುವ ಮರಿಗೆ ಬುತ್ತಿ. ಕೋಣೆಗೆ ಎಣಿಸಿದಂತೆ ಹನ್ನೊಂದೇ ಜೇಡ, ಆಮೇಲೆ ಬಾಗಿಲಿಗೆ ಮಣ್ಣು. ಪಕ್ಕದ ಅಂಗಡಿಯ ದರ್ಜಿ ಇದನ್ನು ನೂರು ಸಲ ಕೇಳಿದ್ದರೂ “ಹನ್ನೊಂದು!” ಎಂಬಲ್ಲಿ ತಲೆದೂಗುತ್ತಿದ್ದ.

ರಜೆಯಿತ್ತು. ಹುಡುಗಿ ಬಕೆಟ್ ಬೋರಲು ಹಾಕಿಕೊಂಡು ಹಿತ್ತಲ ಗೋಡೆಯ ಮುಂದೆ ಕೂತಳು. ಕಣಜ ಜೇಡ ತಂದಾಗಲೆಲ್ಲ ಗೋಡೆಯ ಮೇಲೆ ಇದ್ದಿಲಿನ ಒಂದು ಗೀಟು. ಒಂಬತ್ತಕ್ಕೇ ಬಾಗಿಲು ಮುಚ್ಚಿತು. ಕುಣಿಯುತ್ತ ಒಳಗೆ ಓಡಿದಳು.

“ಚಿಕ್ಕಜ್ಜ, ಸುಳ್ಳು ಸಿಕ್ತು! ಹನ್ನೊಂದು ಅನ್ನೋದೇ ಸುಳ್ಳು!”

ಚಿಕ್ಕಜ್ಜ ನಕ್ಕ. “ಅಲ್ಲವೇ ಮೊಂಡಿ. ಕೊಂದು ತರುತ್ತೆ ಅಂದೆನಲ್ಲ, ಅದು ಸುಳ್ಳು. ಚುಚ್ಚಿ ಪ್ರಜ್ಞೆ ತಪ್ಪಿಸುತ್ತೆ ಅಷ್ಟೇ. ಹನ್ನೊಂದು ಮಾತ್ರ ಅಪ್ಪಟ ನಿಜ, ನಾನೇ ಎಣಿಸಿದ್ದೀನಿ. ನೀನು ಮಧ್ಯೆ ತೂಕಡಿಸಿರಬೇಕು.”

ತೂಕಡಿಸುವುದೇ! ಅವಳಿಗೆ ಮೈಯೆಲ್ಲ ಉರಿಯಿತು. ಮರುದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಳು, ಊಟವನ್ನೂ ಬಕೆಟ್ ಮೇಲೆಯೇ ಮುಗಿಸಿದಳು. ಎರಡನೆಯ ಕೋಣೆಗೆ ಹದಿನಾಲ್ಕು. ಅದರ ಮರುದಿನ ಮೂರನೆಯದಕ್ಕೆ ಏಳು. ಮೂರು ಸಲ ನೋಡಿ ಆಗಿತ್ತು. ನಿಯಮ ಮಾಡಿದವನೇ ಅವನು, ಇನ್ನು ಬಾಯಿ ಬಿಡಲು ಯಾರ ಅಪ್ಪಣೆ ಬೇಕು? ದರ್ಜಿಯ ಎದುರಿಗೇ ಹೇಳಿಬಿಟ್ಟಳು.

ದರ್ಜಿ ಕಿಸಕ್ಕನೆ ನಕ್ಕ. ಚಿಕ್ಕಜ್ಜನ ಮುಖ ಸಣ್ಣದಾಯಿತು. ಮೂವತ್ತು ವರ್ಷ ಹೇಳಿಕೊಂಡು ಬಂದ ಹನ್ನೊಂದು! ಅವತ್ತು ಚಹಾ ಆಯಿತು, ಕಥೆ ಆಗಲಿಲ್ಲ. ಚಿಕ್ಕಜ್ಜ ಬೆನ್ನು ತಿರುಗಿಸಿ ಒಂದು ಗಡಿಯಾರ ಬಿಚ್ಚುತ್ತ ಕೂತ.

ಹುಡುಗಿಗೆ ಆಗ ಭಯವಾಯಿತು. ಇವನು ಕೋಪಿಸಿಕೊಂಡು ಕಳಿಸಿಬಿಟ್ಟರೆ ಹೋಗುವುದೆಲ್ಲಿಗೆ? ಬೇರೆ ಯಾರ ಮನೆಯಲ್ಲೂ ಅವಳಿಗೆ ಜಾಗವಿರಲಿಲ್ಲ. ಹನ್ನೊಂದೇ ಸರಿ, ನಾನೇ ತಪ್ಪು ಎಣಿಸಿದೆ ಎಂದುಬಿಟ್ಟರೆ ಎಲ್ಲ ಮೊದಲಿನಂತಾಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಗೋಡೆಯ ಮೇಲಿನ ಗೀಟುಗಳನ್ನು ಏನು ಮಾಡುವುದು? ಅವಳು ಬಾಯಿ ಮುಚ್ಚಿಕೊಂಡಳು. ಬೆಳಗಾಗುತ್ತಲೇ ಬಕೆಟ್ ಹಿಡಿದು ಮತ್ತೆ ಗೋಡೆಯ ಮುಂದೆ ಹೋಗಿ ಕೂತಳು.

ಸ್ವಲ್ಪ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿದ ಸದ್ದು. ಕೆಲಸದ ದಿನ ಚಿಕ್ಕಜ್ಜ ಬಾಗಿಲು ಹಾಕಿದ್ದನ್ನು ಅವಳು ಕಂಡೇ ಇರಲಿಲ್ಲ. ಅವನು ಇನ್ನೊಂದು ಬಕೆಟ್ ತಂದು ಪಕ್ಕದಲ್ಲಿ ಬೋರಲು ಹಾಕಿ ಕೂತ. ಕಣಜ ತರುತ್ತಿತ್ತು, ಅವಳು ಗೀಟು ಎಳೆಯುತ್ತಿದ್ದಳು, ಅವನು ಬೆರಳು ಮಡಿಸುತ್ತಿದ್ದ. ಮಧ್ಯಾಹ್ನ ಮೂರರ ಹೊತ್ತಿಗೆ ಹನ್ನೊಂದಾಯಿತು. ಕಣಜ ಹಾರಿಹೋಯಿತು. ಇನ್ನು ಅದರ ಬಾಯಲ್ಲಿ ಬರುವುದು ಮಣ್ಣೋ, ಜೇಡವೋ?

ಜೇಡ ಬಂತು.

“ಹನ್ನೆರಡು” ಎಂದ ಚಿಕ್ಕಜ್ಜ, ತನಗೆ ತಾನೇ ಹೇಳಿಕೊಂಡಂತೆ. ಇನ್ನೊಂದೂ ಬಂತು. ಆಮೇಲೆ ಮಣ್ಣು. ಅವನು ಭೂತಗನ್ನಡಿ ತೆಗೆದು ಅಂಗಿಯ ಚುಂಗಿಗೆ ಒರೆಸಿದ, ಎಷ್ಟು ಒರೆಸಿದರೂ ಮುಗಿಯಲಿಲ್ಲ. “ನಾನು ಎಣಿಸಿದ್ದು ಒಂದೇ ಕೋಣೆ ಕಣೇ. ಒಂದೇ ಒಂದು. ಕಥೆ ಚೆನ್ನಾಗಿತ್ತು, ಮತ್ತೆ ನೋಡೋಕೆ ಹೋಗಲೇ ಇಲ್ಲ.”

“ಕೋಪ ಬಂತಾ ಚಿಕ್ಕಜ್ಜ? ನನ್ನ ಕಳಿಸಿಬಿಡ್ತೀಯಾ?”

“ಕಳಿಸಿಬಿಟ್ರೆ ಎಣಿಸೋರು ಯಾರೇ?” ಎಂದು ಅವಳ ತಲೆಯ ಮೇಲೊಂದು ಮೊಟಕಿದ. ಅವಳಿಗೆ ಅಳುವೂ ಬಂತು, ನಗುವೂ ಬಂತು.

ನಾಲ್ಕಕ್ಕೆ ದರ್ಜಿ ಚಹಾಕ್ಕೆ ಬಂದಾಗ ಚಿಕ್ಕಜ್ಜ ತನ್ನ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದ. “ಇವತ್ತಿಂದ ಕಣಜದ ಕಥೆ ಇವಳದು” ಎಂದ. ಹುಡುಗಿ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಒಂಬತ್ತು, ಹದಿನಾಲ್ಕು, ಏಳು, ಹದಿಮೂರು ಎಲ್ಲ ಹೇಳಿದಳು. ಕೊನೆಗೆ ಗಂಭೀರವಾಗಿ ಒಂದು ಸುಳ್ಳನ್ನೂ ಸೇರಿಸಿದಳು: “ಜೇಡ ಹಿಡ್ಕೊಂಡು ಬರೋವಾಗ ಕಣಜ ಯಾವಾಗಲೂ ಎಡಗಡೆಯಿಂದಾನೇ ಬರುತ್ತೆ.”

ದರ್ಜಿ ತಲೆದೂಗಿದ. ಚಿಕ್ಕಜ್ಜ ಲೋಟ ಕೆಳಗಿಟ್ಟ, ಅವಳ ಮುಖವನ್ನೊಮ್ಮೆ ನೋಡಿದ, ಬಕೆಟ್ ಎತ್ತಿಕೊಂಡು ಹಿತ್ತಲಿಗೆ ನಡೆದ.