ಕಾಳು ತಂದೀರೇನ್ರಿ?

ಲೇಸರ್ ಕೊಯ್ದ ಉಕ್ಕಿನ ಅಂಚನ್ನು ಎಂದಾದರೂ ಮುಟ್ಟಿ ನೋಡಿದ್ದೀರಾ? ನಾನು ಮುಟ್ಟಿದ್ದು ಕಳೆದ ವಾರ. ಮುಟ್ಟಿದ್ದೇ ತಡ, ಮರುಳಾದೆ.

ಯರಗುಪ್ಪಿಯ ನಮ್ಮ ಹೊಲ ನೋಡಿಕೊಳ್ಳುವವಳು ಶಾಂತಾ ವೈನಿ (ಅಣ್ಣನ ಹೆಂಡತಿ; ಅಣ್ಣನಿಗೂ ಆಕೆಯದೇ ಯಜಮಾನಿಕೆ). ಮಳೆ ಬಿದ್ದು ಎರೆ ನೆಲ ಹದಕ್ಕೆ ಬಂದಿತ್ತು. ಮೂರು ದಿನದೊಳಗೆ ಕಡಲೆ ಬಿತ್ತಬೇಕು. ಹಸಿ ಆರಿತೋ, ಈ ವರ್ಷದ ಬೆಳೆ ಮರೆತಂತೆಯೇ. ಅಷ್ಟರಲ್ಲಿ ಟ್ರ್ಯಾಕ್ಟರ್ ಕೂರಿಗೆಯೊಳಗಿನ ಬೀಜದ ತಟ್ಟೆ ಸೀಳಿತು. ತೂತಿಗೊಂದು ಕಾಳು ಹಿಡಿದು ಸಾಲಿಗೆ ಬಿಡುವ ತೆಳು ಉಕ್ಕಿನ ತಟ್ಟೆ ಅದು. ಕೂರಿಗೆಯ ಒಂದು ದಪ್ಪ ಪಟ್ಟಿಯೂ ಮುರಿದಿತ್ತು.

"ಕುಂದಗೋಳದಾಗ ಮಾನಪ್ಪ ಕಾಕಾನ ಕಡೆ ಒಯ್ಯೋ" ಎಂದಳು ವೈನಿ. ಮಾನಪ್ಪ ಕಾಕಾ ಹಳೆಯ ವೆಲ್ಡಿಂಗ್ ಅಂಗಡಿಯವರು, ವಿದ್ಯುತ್ ಕಿಡಿಯ ಜ್ವಾಲೆಯಿಂದ ಉಕ್ಕು ಕೊಯ್ಯುವ ಪ್ಲಾಸ್ಮಾ ಕಟರ್ ಇಟ್ಟುಕೊಂಡಿದ್ದಾರೆ. ಆದರೆ ನಾನು ಓದಿದವನಲ್ಲವೇ? ಲೇಸರ್ ಇರುವಾಗ ಪ್ಲಾಸ್ಮಾ ಯಾಕೆ ಎಂದು ಹುಬ್ಬಳ್ಳಿ ಬಸ್ಸು ಹತ್ತಿದೆ.

ಅಲ್ಲಿನ ಲೇಸರ್ ಅಂಗಡಿಯವರು ಸೀಳಿದ ತಟ್ಟೆಯನ್ನು ಸ್ಕ್ಯಾನ್ ಮಾಡಿ, ಚಹಾ ಆರುವುದರೊಳಗೆ ಹೊಸದನ್ನು ಕೊಯ್ದು ಕೊಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಸಂಜೆ ವೈನಿ ಅಂಗಳದಲ್ಲಿ ತಾಡಪತ್ರಿ ಹಾಸಿ, ಕೂರಿಗೆಯ ಗಾಲಿಯನ್ನು ಕೈಯಿಂದ ತಿರುಗಿಸಿದಳು. ಕಾಳು ಎರಡೆರಡು, ಮೂರು ಮೂರು ಬಿದ್ದವು.

"ಇದು ಬಿತ್ತೂದಲ್ಲೋ ತಮ್ಮಾ, ಸುರಿಯೂದು!"

ಮರುದಿನ ತಲೆ ತಗ್ಗಿಸಿಕೊಂಡು ಕುಂದಗೋಳಕ್ಕೆ ಹೋದೆ. ಕಾಕಾ ತಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಭಾಳ ಛಂದ ಕೊಯ್ದಾರ್ರಿ. ಕಾಳು ತಂದೀರೇನ್ರಿ?"

ಬೀಜದ ತಟ್ಟೆಗೆ ಬರುವವರು ಆ ವರ್ಷದ ಬೀಜವನ್ನೂ ತರುವುದು ಅವರ ಅಂಗಡಿಯ ರೂಢಿ. ನನಗೇನು ಗೊತ್ತು? ಪುಣ್ಯಕ್ಕೆ ವೈನಿ ನನ್ನ ಚೀಲದಲ್ಲಿ ಒಂದು ಗಂಟು ಇಟ್ಟಿದ್ದಳು (ನನ್ನ ಬುದ್ಧಿಯ ಮೇಲೆ ಆಕೆಗಿರುವ ಭರವಸೆ ಅಷ್ಟು!). ಕಾಕಾ ಒಂದೇ ತೂತಿನಲ್ಲಿ ಎರಡು ಕಾಳು ಕೂರಿಸಿ ತೋರಿಸಿದರು.

"ಹಳೇ ತಟ್ಟಿ ತೂತು ಸವದು ಅಗಲ ಆಗ್ಯಾವ. ಲೇಸರ್ ಆ ಸವಕಳಿನೂ ಇದ್ದಂಗ ಕೊಯ್ದೈತಿ. ಮಷೀನಿನ ತಪ್ಪಲ್ರಿ."

"ಹಂಗಾರ ನೀವ ಕೊಯ್ದು ಕೊಡ್ರಿ ಕಾಕಾ."

"ಒಲ್ಲೆರಿ. ಪ್ಲಾಸ್ಮಾದಾಗ ಇಷ್ಟು ಸಣ್ಣ ತೂತು ನೆಟ್ಟಗ ಬರಂಗಿಲ್ಲ. ಮ್ಯಾಲೊಂದು ಅಳತಿ, ಕೆಳಗೊಂದು ಅಳತಿ. ಕಾಳು ಸಿಕ್ಕು ಒಡೀತಾವ, ಸಾಲು ಖಾಲಿ ಹೋಗತಾವ. ಲೇಸರಿನವರ ಕಡೇನ ಹೋಗ್ರಿ."

ದಪ್ಪ ಕಾಳುಗಳನ್ನು ಆರಿಸಿ, ಅಳೆದು, ತೂತಿನ ಅಳತೆಯ ಚೀಟಿ ಬರೆದುಕೊಟ್ಟರು. ಮುರಿದ ಪಟ್ಟಿಗೆ ಮಾತ್ರ ತಾವೇ ಕೈ ಹಾಕಿದರು. ಮೂಲೆಯಲ್ಲಿ ಬಿದ್ದಿದ್ದ ದಪ್ಪನೆಯ, ತುಕ್ಕು ಹಿಡಿದ ಪ್ಲೇಟಿಗೆ ಪ್ಲಾಸ್ಮಾ ತಾಗಿಸಿದರೆ ಬೆಣ್ಣೆ ಕೊಯ್ದಂತೆ ಕೊಯ್ದುಹೋಯಿತು. ನಾನು ಬಾಯಿ ಬಿಟ್ಟು ನಿಂತೆ. ಇದನ್ನು ಹಳೇ ಕಾಲದ್ದು ಅಂದುಕೊಂಡಿದ್ದೆನಲ್ಲ, ನಾಚಿಕೆಯಾಯಿತು. ಅಲ್ಲಿಂದಲೇ ಚೀಟಿ ಹಿಡಿದು ಹುಬ್ಬಳ್ಳಿಗೆ ಹೋಗಿ, ಆ ಅಳತೆಯ ತಟ್ಟೆ ಕೊಯ್ಯಿಸಿ ತಂದೆ.

ಮೂರನೆಯ ದಿನ, ಹಸಿ ಆರುವ ಮೊದಲೇ, ತೂತಿಗೊಂದು ಕಾಳಿನಂತೆ ಕಡಲೆ ಮಣ್ಣು ಸೇರಿತು. ವೈನಿ ನನ್ನನ್ನು ಬೈಯಲಿಲ್ಲ, ಅದೇ ದೊಡ್ಡದು.

ತಮ್ಮ ಮಷೀನಿಗೆ ಏನು ಬರುವುದಿಲ್ಲ ಎಂದು, ಕೈಗೆ ಬಂದ ಗಿರಾಕಿಗೆ ತಾವಾಗಿಯೇ ಹೇಳುವ ಅಂಗಡಿಯವರು ನಿಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆ?